ಹಳೆಯ ಎಂಜಿಬಿಯ ಓಟ ಹದಗೊಳಿಸುವುದು: ಯಾವುದು ಮೊದಲು, ಎಲ್ಲಿಗೆ ನಿಲ್ಲಿಸಬೇಕು?

ಪ್ರಶ್ನೆ: ನಾನು ಮೈಸೂರಿನವನು, ಈಗ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನೆಲೆಸಿದ್ದೇನೆ. ನನ್ನ ಬಳಿ 1971ರ ಎಂಜಿಬಿ ರೋಡ್‌ಸ್ಟರ್, ಅಂದರೆ ತೆರೆದ ಮೈಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಇದೆ: ಕ್ರೋಮ್ ಬಂಪರು, ರೋಸ್ಟೈಲ್ ಚಕ್ರಗಳು, ಎಂಜಿನ್ ಸುತ್ತು ಇಳಿಸುವ ಓವರ್‌ಡ್ರೈವ್ ಇರುವ ಗೇರ್‌ಬಾಕ್ಸು. ಗಂಟೆಗೆ 90 ಕಿ.ಮೀ. ದಾಟಿದರೆ ಕಾರು ನೆಟ್ಟಗೆ ಹೋಗದೆ ಅತ್ತಿತ್ತ ಎಳೆಯುತ್ತದೆ. ಗುಂಡಿಗೆ ಇಳಿದರೆ ಮುಂದುಗಡೆಯಿಂದ ಟಕ್ ಎಂಬ ಸದ್ದು ಬರುತ್ತದೆ. ಪೀಕ್ ಡಿಸ್ಟ್ರಿಕ್ಟ್‌ನ ಬೆಟ್ಟದ ತಿರುವುಗಳಲ್ಲಿ ಮೈ ಬಹಳ ವಾಲುತ್ತದೆ. ಗ್ಯಾರೇಜಿನವರು ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರ್, ಕಾರನ್ನು ತಗ್ಗಿಸುವ ಗಡುಸು ಸ್ಪ್ರಿಂಗ್, ವಾಲುವುದನ್ನು ತಡೆಯುವ ದಪ್ಪ ಆ್ಯಂಟಿ-ರೋಲ್ ಬಾರ್, ಎಲ್ಲ ಕಡೆ ಕೀಲುಗಳಿಗೆ ರಬ್ಬರಿನ ಬದಲು ಗಟ್ಟಿ ಪಾಲಿಯುರೆಥೇನ್ ಬುಷ್, ಅಗಲ ಟೈರ್, ಚಿಕ್ಕ ಸ್ಟೀರಿಂಗ್ ಚಕ್ರ, ಎಂಜಿನ್‌ಗೆ ವೆಬರ್ ಕಾರ್ಬುರೇಟರ್ ಹಾಕಿಸಿ ಎಂದು ಪಟ್ಟಿ ಕೊಟ್ಟಿದ್ದಾರೆ. ಕಾರು ಚೆನ್ನಾಗಿ ಓಡಬೇಕು, ಆದರೆ ಅದರ ಹಳೆಯ ಗುಣ ಕೆಡಬಾರದು. ಏನು ಮಾಡಲಿ, ಯಾವ ಕ್ರಮದಲ್ಲಿ ಮಾಡಲಿ? ತಂದೆಯವರ ಅಂಬಾಸಿಡರ್ ರಿಪೇರಿಗೆ ಕೈಜೋಡಿಸುತ್ತ ಬೆಳೆದವನು ನಾನು, ಸ್ಪ್ಯಾನರ್ ಹಿಡಿಯುವ ಅಭ್ಯಾಸವಿದೆ.

ಉತ್ತರ: ಗ್ಯಾರೇಜಿನವರ ಪಟ್ಟಿಯಲ್ಲಿರುವ ಯಾವ ವಸ್ತುವೂ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಆದರೆ ನೀವು ಹೇಳಿರುವ ಮೂರು ದೂರುಗಳಲ್ಲಿ ಮೊದಲಿನ ಎರಡು ಸವಕಳಿಯ ಲಕ್ಷಣಗಳೇ ಹೊರತು ವಿನ್ಯಾಸದ ದೋಷಗಳಲ್ಲ; ಮೂರನೆಯದರಲ್ಲಿಯೂ ಅರ್ಧ ಪಾಲು ಸವಕಳಿಯದ್ದೇ ಇರುತ್ತದೆ. ಸವೆದ ಕೀಲುಗಳ ಮೇಲೆ ಗಡುಸು ಸ್ಪ್ರಿಂಗ್ ಮತ್ತು ದಪ್ಪ ಬಾರ್ ಕೂರಿಸಿದರೆ ಸಡಿಲು ಮರೆಯಾಗುತ್ತದೆಯೇ ವಿನಾ ಹೋಗುವುದಿಲ್ಲ, ಕಾರು ಮಾತ್ರ ಒರಟಾಗುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲು ಈ ಕಾರು ಎಂಜಿ ಕಂಪನಿಯ ಆ್ಯಬಿಂಗ್ಡನ್ ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿತ್ತೋ ಆ ಸ್ಥಿತಿಗೆ ತನ್ನಿ, ಒಂದು ಬೇಸಿಗೆ ಓಡಿಸಿ, ಅನಂತರವೂ ಏನಾದರೂ ಕೊರತೆ ಕಂಡರೆ ಅದಕ್ಕೆ ಮಾತ್ರ ಹೊಸ ಭಾಗ ಹಾಕಿಸಿ. ಹೀಗೆ ಮಾಡಿದರೆ ಆ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ತಾನಾಗಿಯೇ ಉದುರಿಹೋಗುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಈ ಕಾರಿನ ಮೂಲ ಸ್ವಭಾವ ಏನೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು. ಎಂಜಿಯ ಎಂಜಿನಿಯರ್ ಸಿಡ್ ಎನೆವರ್ ಅವರ ನೇತೃತ್ವದಲ್ಲಿ ರೂಪುಗೊಂಡು 1962ರಲ್ಲಿ ಮಾರುಕಟ್ಟೆಗೆ ಬಂದ ಎಂಜಿಬಿ, 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. 1798 ಸಿ.ಸಿ.ಯ ಎಂಜಿನ್, ಸುಮಾರು 95 ಅಶ್ವಶಕ್ತಿ, ಒಂದು ಟನ್ನಿಗೂ ಕಡಿಮೆ ತೂಕ. ಮುಂದೆ ಕಾಯಿಲ್ ಸ್ಪ್ರಿಂಗ್ ಮತ್ತು ವಿಷ್‌ಬೋನ್ ಎಂಬ ಕವಲು ತೋಳು, ಹಿಂದೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಮೇಲೆ ಕುಳಿತ ಇಡಿಯ ಆ್ಯಕ್ಸಲ್. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೂರು ಸುತ್ತಿಗೂ ಕಡಿಮೆಯಲ್ಲಿ ತಿರುಗುವ ರ್‍ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್. ಇದರಲ್ಲಿ ಆ ಸ್ಟೀರಿಂಗ್ ಒಂದೇ ಸಾಕು, ಕಾರನ್ನು ಪ್ರೀತಿಸಲು. ಇದೇ ಮೂಲ ಜೋಡಣೆಯ ಮೇಲೆ ಮಾರ್ಲಿ ಸಹೋದರರು 1964ರ ಮಾಂಟೆಕಾರ್ಲೊ ರ್‍ಯಾಲಿಯಲ್ಲಿ ಜಿ.ಟಿ. ವಿಭಾಗ ಗೆದ್ದರು, 1966ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆದ 84 ಗಂಟೆಗಳ ಓಟವನ್ನೂ ಎಂಜಿಬಿಯೇ ಗೆದ್ದಿತು. ಹಾಗೆ ಗೆದ್ದ ಕಾರುಗಳಲ್ಲಿದ್ದ ಹಲವು ಭಾಗಗಳನ್ನು ಆ್ಯಬಿಂಗ್ಡನ್‌ನ ಸ್ಪೆಷಲ್ ಟ್ಯೂನಿಂಗ್ ವಿಭಾಗ ಸಾಮಾನ್ಯ ಗಿರಾಕಿಗಳಿಗೂ ಮಾರುತ್ತಿತ್ತು. ಆದ್ದರಿಂದ ಬದಲಾವಣೆ ಮಾಡುವುದೇ ಹಳೆಯ ಕಾರಿಗೆ ಅಪಚಾರ ಎಂದು ನಾನು ಭಾವಿಸುವುದಿಲ್ಲ. ಆ ಕಾಲದ ಆ್ಯಬಿಂಗ್ಡನ್ ಎಂಜಿನಿಯರ್ ಒಬ್ಬರು ನೋಡಿದರೆ ತಲೆದೂಗುವಂಥ ಬದಲಾವಣೆಯೇ, ಬೇಡವೆನಿಸಿದ ದಿನ ಬೋಲ್ಟ್ ಬಿಚ್ಚಿ ಹಿಂದಕ್ಕೆ ತರಬಹುದಾದದ್ದೇ ಎಂಬ ಎರಡು ಪ್ರಶ್ನೆ ಕೇಳಿಕೊಂಡರೆ ಅಭಿರುಚಿಯ ಮಾತು ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಸಸ್ಪೆನ್ಷನ್‌ಗೆ ಕೈಹಾಕುವ ಮೊದಲು ಕಾರಿನ ಮೈಯನ್ನು ನೋಡಬೇಕು. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ಮೈಯೇ ಚಾಸಿ; ಅದರಲ್ಲಿಯೂ ಮೇಲ್ಛಾವಣಿಯಿಲ್ಲದ ರೋಡ್‌ಸ್ಟರ್‌ನ ಬಿಗಿಯೆಲ್ಲ ಬಾಗಿಲಿನ ಕೆಳಗೆ ಉದ್ದಕ್ಕೂ ಹಾಯುವ ಸಿಲ್ ಪೆಟ್ಟಿಗೆಗಳಲ್ಲಿದೆ. ಹೊರಗಿನ ತಗಡು ಹೊಸದಾಗಿ ಬಣ್ಣ ಹೊಡೆಸಿಕೊಂಡು ಹೊಳೆಯುತ್ತಿದ್ದರೂ ಒಳಗಿನ ತಗಡು ತುಕ್ಕು ತಿಂದು ಹೋಗಿರಬಹುದು. ಬಾಗಿಲು ಮತ್ತು ಹಿಂಚಕ್ರದ ಮೇಲಿನ ತಗಡಿನ ನಡುವಿನ ಸಂದನ್ನು ಗಮನಿಸಿಕೊಂಡು ಕಾರಿಗೆ ಪಕ್ಕದಿಂದ ಜ್ಯಾಕ್ ಹಾಕಿ ನಿಧಾನವಾಗಿ ಎತ್ತಿ. ಸಂದು ಮೇಲ್ತುದಿಯಲ್ಲಿ ಕಿರಿದಾಗುತ್ತ ಬಂದರೆ, ಅಥವಾ ಎತ್ತಿದ ಮೇಲೆ ಬಾಗಿಲು ತೆರೆದು ಮುಚ್ಚುವಾಗ ಉಜ್ಜಿದರೆ, ಮೈ ಬಾಗುತ್ತಿದೆ ಎಂದರ್ಥ. ಅಂಥ ಕಾರಿಗೆ ಎಷ್ಟು ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿದರೂ ಪ್ರಯೋಜನವಿಲ್ಲ, ಏಕೆಂದರೆ ಮೈಯೇ ಒಂದು ಸ್ಪ್ರಿಂಗ್ ಆಗಿಬಿಟ್ಟಿರುತ್ತದೆ. ಆಗ ಹಣವೆಲ್ಲ ವೆಲ್ಡಿಂಗಿಗೆ ಹೋಗಲಿ, ಉಳಿದದ್ದು ಕಾಯಲಿ. ಅದೃಷ್ಟಕ್ಕೆ ಈ ಕಾರಿನ ತಗಡು ಭಾಗಗಳೆಲ್ಲ ಇಂದಿಗೂ ಸಿಗುತ್ತವೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಇಡೀ ಮೈಯನ್ನೇ ಹೊಸದಾಗಿ ಮಾಡಿಕೊಡುತ್ತಿದೆ.

ಮೈ ಗಟ್ಟಿಯಿದ್ದರೆ ಮೊದಲ ಖರ್ಚು ಟೈರಿಗೆ. ನಿಮ್ಮ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯ ಸಂಖ್ಯೆಯನ್ನು ಓದಿ: ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಬೇಸಿಗೆಯಲ್ಲಿ ಮಾತ್ರ ಹೊರಬರುವ ಇಂಥ ಕಾರುಗಳಲ್ಲಿ ಪಟ್ಟೆ ಸವೆಯದೆಯೇ ರಬ್ಬರ್ ಗಟ್ಟಿಯಾಗಿಬಿಡುತ್ತದೆ. ಹತ್ತು ವರ್ಷ ದಾಟಿದ್ದರೆ ನೋಡಲು ಹೊಸದರಂತಿದ್ದರೂ ತೆಗೆದುಹಾಕಿ. ಅಳತೆಯ ವಿಚಾರದಲ್ಲಿ ನನ್ನ ಆಯ್ಕೆ 165/80ರ 14 ಇಂಚಿನದೇ. ಅಗಲ ಟೈರ್ ಹಾಕಿದರೆ ಒಣ ರಸ್ತೆಯಲ್ಲಿ ಹಿಡಿತ ಹೆಚ್ಚುತ್ತದೆ, ನಿಜ. ಆದರೆ ಪವರ್ ಸ್ಟೀರಿಂಗ್ ಇಲ್ಲದ ಈ ಕಾರಿನಲ್ಲಿ ಕೈಗೆ ಭಾರ ಬರುತ್ತದೆ, ರಸ್ತೆಯ ಗೀರುಗಳನ್ನು ಹಿಡಿದು ಅತ್ತಿತ್ತ ಎಳೆಯುವ ಚಾಳಿಯೂ ಹೆಚ್ಚುತ್ತದೆ. ಹಿಡಿತ ಕೈಬಿಡುವ ಮೊದಲು ಸ್ಟೀರಿಂಗ್ ಹಗುರಾಗಿ ಸೂಚನೆ ಕೊಡುತ್ತದಲ್ಲ, ಆ ಮಾತುಕತೆ ಕಿರಿದಾದ ಟೈರಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ, ಅದೂ ಕಾನೂನು ಒಪ್ಪುವ ವೇಗದಲ್ಲಿ. ಪಿರೆಲಿಯವರ ಸಿಂಟುರಾಟೊದಂಥ ಹಳೆಯ ಮಾದರಿಯ ರೇಡಿಯಲ್‌ಗಳು ಈಗಲೂ ತಯಾರಾಗುತ್ತವೆ. ಬೆಲೆ ಹೆಚ್ಚು, ಆದರೆ ಈ ಕಾರಿನ ಸಸ್ಪೆನ್ಷನ್‌ಗೆ ಅವು ಹೊಂದುವಷ್ಟು ಚೆನ್ನಾಗಿ ಇಂದಿನ ಅಗ್ಗದ ಟೈರ್ ಹೊಂದುವುದಿಲ್ಲ. 15 ಇಂಚಿನ ಚಕ್ರಕ್ಕೆ ಹೋಗಲೇಬೇಕೆಂದಿದ್ದರೆ 185/65 ಅಳತೆ ನೋಡಿ. ಅದರ ಒಟ್ಟು ವ್ಯಾಸ ಸುಮಾರು 621 ಮಿ.ಮೀ., ನಿಮ್ಮ ಮೂಲ ಟೈರಿನದು 620, ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಗಾಳಿಯ ಒತ್ತಡ ಹಳೆಯ ಕೈಪಿಡಿಯಲ್ಲಿ ಮುಂದೆ 21, ಹಿಂದೆ 24 ಪೌಂಡ್ ಎಂದಿದೆ. ಇಂದಿನ ಟೈರಿಗೆ ಎರಡೂ ಕಡೆ ಎರಡು ಮೂರು ಪೌಂಡ್ ಹೆಚ್ಚಿಟ್ಟು ಪ್ರಾರಂಭಿಸಿ, ಹಿಂದಿನದು ಮುಂದಿನದಕ್ಕಿಂತ ಹೆಚ್ಚಿರುವ ಆ ವ್ಯತ್ಯಾಸವನ್ನು ಮಾತ್ರ ಉಳಿಸಿಕೊಳ್ಳಿ.

ಇನ್ನು ಮುಂಭಾಗ. ನಿಮ್ಮ ಕಾರು ಅತ್ತಿತ್ತ ಎಳೆಯುವುದಕ್ಕೂ ಟಕ್ ಎನ್ನುವುದಕ್ಕೂ ಕಾರಣ ಬಹುಪಾಲು ಇಲ್ಲಿಯೇ ಇದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಂಜಿಬಿಯ ಮುಂಚಕ್ರ ಬಾಲ್ ಜಾಯಿಂಟ್ ಮೇಲೆ ತಿರುಗುವುದಿಲ್ಲ, ಅಂಬಾಸಿಡರ್ ಕಾಲದವರಿಗೆ ಚಿರಪರಿಚಿತವಾದ ಗ್ರೀಸ್ ಎಂಬ ಆಹಾರ ಬೇಡುವ, ಕಿಂಗ್‌ಪಿನ್ ಎಂಬ ನೆಟ್ಟನೆ ನಿಂತ ದಂಡದ ಮೇಲೆ ತಿರುಗುತ್ತದೆ. ಸುಮಾರು 5,000 ಕಿ.ಮೀ.ಗೊಮ್ಮೆ ಗ್ರೀಸ್ ಕಾಣದಿದ್ದರೆ ಅದು ಸವೆಯುತ್ತದೆ, ಇಲ್ಲವೇ ಬಿಗಿದುಕೊಳ್ಳುತ್ತದೆ. ಬಿಗಿದುಕೊಂಡ ಕಿಂಗ್‌ಪಿನ್ ಸ್ಟೀರಿಂಗನ್ನು ತಾನಾಗಿ ನೇರಕ್ಕೆ ಮರಳಲು ಬಿಡುವುದಿಲ್ಲ, ಚಾಲಕ ಸದಾ ತಿದ್ದುತ್ತಲೇ ಇರಬೇಕಾಗುತ್ತದೆ. ಪರೀಕ್ಷೆ ಸುಲಭ. ಮುಂಚಕ್ರ ನೆಲ ಬಿಡುವಂತೆ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಮೇಲ್ತುದಿ ಮತ್ತು ಕೆಳತುದಿಯಲ್ಲಿ ಹಿಡಿದು ಅಲ್ಲಾಡಿಸಿ. ಅಲುಗಾಟ ಕಂಡರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ತಪ್ಪು ಚಕ್ರದ ನಡುವಿನ ಹಬ್ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್‌ಪಿನ್ನಿನದು, ಇಲ್ಲವೇ ಅದರ ಕೆಳಗಿನ ಬೋಲ್ಟಿನದು. ಗ್ರೀಸ್ ತುಂಬುವಾಗಲೂ ಚಕ್ರ ಹೀಗೆ ತೂಗಾಡುತ್ತಿರಲಿ. ಭಾರ ಬಿದ್ದಿರುವಾಗ ತುಂಬಿದ ಗ್ರೀಸ್ ಸವೆಯುವ ಮುಖಕ್ಕೆ ತಲುಪುವುದೇ ಇಲ್ಲ.

ಹಬ್ ಬೇರಿಂಗ್ ವಿಚಾರದಲ್ಲಿ ಒಂದು ಎಚ್ಚರಿಕೆ. ಎರಡು ಬೇರಿಂಗ್‌ಗಳ ನಡುವೆ ಒಂದು ಸ್ಪೇಸರ್ ಕೊಳವೆಯೂ ಶಿಮ್ ಎಂಬ ತೆಳುವಾದ ಬಿಲ್ಲೆಗಳೂ ಇರುತ್ತವೆ. ಅವನ್ನು ಆಯ್ದು ಜೋಡಿಸಿ ಹಬ್‌ನ ಸಡಿಲು 0.05ರಿಂದ 0.10 ಮಿ.ಮೀ. ಒಳಗೆ ಬರುವಂತೆ ಮಾಡಿ, ಆಮೇಲೆ ನಟ್ಟನ್ನು ಪೂರ್ತಿ ಬಿಗಿಯಬೇಕು. ಈ ಕೆಲಸ ಬೇಸರದ್ದು, ಗಂಟೆಗಟ್ಟಲೆ ಹಿಡಿಯುತ್ತದೆ. ಹೀಗಾಗಿ ಸ್ಪೇಸರನ್ನು ಎಸೆದು, ಬೇರೆ ಕಾರುಗಳಲ್ಲಿ ಮಾಡುವಂತೆ ನಟ್ಟನ್ನು ಅಂದಾಜಿನಲ್ಲಿ ಬಿಗಿದು ಪಿನ್ ಹಾಕಿ ಕಳಿಸುವವರಿದ್ದಾರೆ. ಆ ಸ್ಪೇಸರ್ ಬಿಗಿಯಾಗಿ ಕುಳಿತಾಗಲೇ ಚಕ್ರ ಹೊತ್ತ ಸ್ಟಬ್ ಆ್ಯಕ್ಸಲ್‌ಗೆ ಬಾಗದಿರುವ ಬಲ ಬರುತ್ತದೆ. ಅದಿಲ್ಲದ ಕಾರು ತಿರುವಿನಲ್ಲಿ ಅಸ್ಪಷ್ಟವಾಗಿ ವರ್ತಿಸುವುದಷ್ಟೇ ಅಲ್ಲ, ಅಪಾಯಕಾರಿಯೂ ಹೌದು. ಹಿಂದಿನ ಯಾರೋ ಬಿಚ್ಚಿ ಜೋಡಿಸಿರುವ ಕಾರಾದರೆ ಅದು ಒಳಗಿದೆಯೇ ಎಂದು ಕಣ್ಣಾರೆ ನೋಡಿ.

ಎಂಜಿಬಿಯ ಮುಂದಿನ ಲಿವರ್ (ತೋಳಿನಿಂದ ಆಡುವ ಹಳೆಯ ಬಗೆಯ) ಶಾಕ್ ಅಬ್ಸಾರ್ಬರ್ ಬರೀ ಶಾಕ್ ಅಬ್ಸಾರ್ಬರ್ ಅಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ಅದರ ತೋಳೇ ಸಸ್ಪೆನ್ಷನ್ನಿನ ಮೇಲಿನ ಕೊಂಡಿ. ಹಾಗಾಗಿ ಅದರ ದಂಡ ಒಳಗೆ ಸವೆದರೆ ಎಣ್ಣೆ ಸೋರುವುದು ಮಾತ್ರವಲ್ಲ, ಚಕ್ರದ ಮೇಲ್ತುದಿಯೇ ಒಳಗೂ ಹೊರಗೂ ಆಡತೊಡಗುತ್ತದೆ. ತೋಳಿನ ಕೊಂಡಿ ಬಿಚ್ಚಿ ಕೈಯಿಂದ ಮೇಲೆ ಕೆಳಗೆ ಆಡಿಸಿ ನೋಡಿ: ಉದ್ದಕ್ಕೂ ಒಂದೇ ಸಮನಾದ ಎದುರೊತ್ತು ಇರಬೇಕು, ನಡುವೆ ಎಲ್ಲಿಯೂ ಪೊಳ್ಳು ಸಿಗಬಾರದು, ಪಕ್ಕಕ್ಕೆ ಅಲುಗಬಾರದು. ಹೊಸ ಬುಷ್, ಹೊಸ ಸೀಲ್ ಹಾಕಿ ವ್ಯವಸ್ಥಿತವಾಗಿ ಕಟ್ಟಿದ ಲಿವರ್ ಅಬ್ಸಾರ್ಬರ್‌ಗಳು ಇಂಗ್ಲೆಂಡಿನಲ್ಲಿ ಸುಲಭವಾಗಿ ದೊರೆಯುತ್ತವೆ. ಒಳಗಿನ ವಾಲ್ವ್ ಸ್ವಲ್ಪ ಬಿಗಿ ಮಾಡಿಸಿದವನ್ನೇ ಕೇಳಿ ಪಡೆದರೆ, ನಿಮ್ಮ ರಸ್ತೆಗಳಿಗೆ ಟೆಲಿಸ್ಕೋಪಿಕ್ ಕಿಟ್ಟಿನ ಅಗತ್ಯವೇ ಬೀಳದು. ಆ ಕಿಟ್ಟುಗಳು ರೇಸ್ ಟ್ರ್ಯಾಕಿನಲ್ಲಿ ಬಿಸಿಯಾದಾಗಲೂ ಸೊರಗದೆ ಕೆಲಸ ಮಾಡುವುದರಲ್ಲಿ ಮೇಲು. ಆದರೆ ಸ್ನೇಕ್ ಪಾಸ್‌ನಂಥ ಏರಿಳಿತದ ರಸ್ತೆಯಲ್ಲಿ ಒಳ್ಳೆಯ ಲಿವರ್ ಅಬ್ಸಾರ್ಬರ್ ಸೋಲುವಷ್ಟು ಬಿಸಿಯಾಗುವುದಿಲ್ಲ. ಅಗ್ಗದ ಟೆಲಿಸ್ಕೋಪಿಕ್ ಸಣ್ಣ ಉಬ್ಬುತಗ್ಗನ್ನೂ ನಿಮ್ಮ ಬೆನ್ನಿಗೆ ಮುಟ್ಟಿಸುತ್ತದೆ.

ಬುಷ್‌ಗಳಿಗೆ ಬಂದರೆ, ಮೂಲ ಎಂಜಿಬಿಯ ಕೆಳ ವಿಷ್‌ಬೋನ್ ಬುಷ್ ಎರಡು ತುಂಡಿನ ಬರೀ ರಬ್ಬರ್. ಕೆಲವೇ ವರ್ಷಗಳಲ್ಲಿ ಹಿಂಡಿ ಹೊರಗೆ ಬರುತ್ತದೆ. 1973ರಲ್ಲಿ ಕಾರ್ಖಾನೆಯೇ ಎಂಜಿಬಿ ಜಿ.ಟಿ. ವಿ8 ಕಾರಿಗೆ ನಡುವೆ ಉಕ್ಕಿನ ಕೊಳವೆಯುಳ್ಳ ಗಟ್ಟಿ ರಬ್ಬರ್ ಬುಷ್ ಹಾಕಿತು. ಅವೇ ನಿಮ್ಮ ಕಾರಿಗೂ ಯಾವ ಬದಲಾವಣೆ ಇಲ್ಲದೆ ಕೂರುತ್ತವೆ. ಒಟ್ಟು ಬೇಕಾಗುವುದು 4. ಇಡೀ ಕಾರಿನಲ್ಲಿ ಕೊಟ್ಟ ಹಣಕ್ಕೆ ಇಷ್ಟು ಫಲ ಕೊಡುವ ಇನ್ನೊಂದು ಭಾಗವಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಇವನ್ನು ಹಾಕುವಾಗ ಎರಡು ಮಾತು ನೆನಪಿರಲಿ. ಕಾಯಿಲ್ ಸ್ಪ್ರಿಂಗ್ ಒತ್ತಿ ಕುಳಿತಿರುತ್ತದೆ. ಅದರ ಕೆಳಗಿನ ತಟ್ಟೆಯನ್ನು ಜ್ಯಾಕ್ ಆಧಾರವಿಲ್ಲದೆ ಬಿಚ್ಚಿದರೆ ಪ್ರಾಣಕ್ಕೇ ಅಪಾಯ. ಎರಡನೆಯದು, ಬುಷ್‌ನ ನಟ್ಟುಗಳನ್ನು ಕಾರು ನೆಲಕ್ಕಿಳಿದು ತನ್ನ ತೂಕದ ಮೇಲೆ ಕುಳಿತ ಮೇಲೆ ಕೊನೆಯದಾಗಿ ಬಿಗಿಯಬೇಕು. ಚಕ್ರ ಜೋತುಬಿದ್ದಿರುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು, ಕಾರು ಎತ್ತರವಾಗಿ ನಿಲ್ಲುತ್ತದೆ, ಬುಷ್ ಬೇಗ ಹರಿಯುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್ ಬೋಲ್ಟುಗಳಿಗೂ ಇದೇ ನಿಯಮ.

ಹಾಗಾದರೆ ಪಾಲಿಯುರೆಥೇನ್ ಎಲ್ಲಿಯೂ ಬೇಡವೇ? ಆ್ಯಂಟಿ-ರೋಲ್ ಬಾರ್‌ನ ಆಧಾರಗಳಿಗೆ ಹಾಕಿ, ಅಲ್ಲಿ ಅದು ಸಲ್ಲುತ್ತದೆ. ಲೀಫ್ ಸ್ಪ್ರಿಂಗ್‌ನ ಮುಂದಿನ ಕಣ್ಣಿಗೆ ಮಾತ್ರ ರಬ್ಬರೇ ಇರಲಿ, ಏಕೆಂದರೆ ಆ ಬುಷ್ ತಿರುಗುವುದರ ಜೊತೆಗೆ ಅಕ್ಕಪಕ್ಕಕ್ಕೂ ಕೊಂಚ ಬಾಗಿ ಆ್ಯಕ್ಸಲ್‌ಗೆ ವಾಲಲು ಎಡೆಕೊಡಬೇಕು. ಗಟ್ಟಿ ಪಾಲಿ ಅಲ್ಲಿ ಸ್ಪ್ರಿಂಗನ್ನೇ ಗಡುಸು ಮಾಡಿದಂತಾಗುತ್ತದೆ. ಇನ್ನೊಂದು ಜಾಗವನ್ನು ಬಹಳ ಜನ ನೋಡುವುದೇ ಇಲ್ಲ. ಸ್ಟೀರಿಂಗ್ ರ್‍ಯಾಕ್ ಮತ್ತು ಇಡೀ ಮುಂಭಾಗದ ಸಸ್ಪೆನ್ಷನ್ನನ್ನು ಹೊತ್ತ ಅಡ್ಡತೊಲೆ ಮೈಗೆ ನೇರವಾಗಿ ತಾಗದೆ ರಬ್ಬರ್ ಪ್ಯಾಡ್‌ಗಳ ಮೇಲೆ ಕುಳಿತಿದೆ. ಐವತ್ತು ವರ್ಷ ಎಂಜಿನ್ ಎಣ್ಣೆ ಕುಡಿದು ಮೆತ್ತಗಾದ ಆ ಪ್ಯಾಡ್‌ಗಳ ಮೇಲೆ ಇಡೀ ತೊಲೆಯೇ ತಿರುವಿನಲ್ಲಿ ಸರಿದಾಡುತ್ತದೆ. ಆಗ ನೀವು ತಿರುಗಿಸಿದ ಸ್ಟೀರಿಂಗ್ ಕ್ಷಣ ತಡವಾಗಿ ಕಾರಿಗೆ ಮುಟ್ಟಿದಂತೆ ಅನ್ನಿಸುತ್ತದೆ. ಹೊಸ ರಬ್ಬರ್ ಪ್ಯಾಡ್ ಹಾಕಿದರೆ ಸಾಕು. ಅಲ್ಯೂಮಿನಿಯಂ ಪ್ಯಾಡ್ ಹಾಕಿದರೆ ಸ್ಟೀರಿಂಗ್ ಇನ್ನಷ್ಟು ಚುರುಕಾದರೂ ರಸ್ತೆಯ ಗದ್ದಲವೆಲ್ಲ ಮೈಗೆ ಏರುತ್ತದೆ.

ಹಿಂಭಾಗದ ಕಥೆ ಚಿಕ್ಕದು. ಸ್ಪ್ರಿಂಗ್ ಜೋತುಬಿದ್ದಿದೆಯೇ, ಎಡಬಲ ಎತ್ತರ ಒಂದೇ ಇದೆಯೇ ಎಂದು ಅಳೆಯಿರಿ. ಬದಲಿಸಬೇಕಾದರೆ ಮೂಲ ಬಿಗಿಯದ್ದೇ ತನ್ನಿ. ಈಗ ಸಿಗುವ ನಕಲು ಸ್ಪ್ರಿಂಗ್‌ಗಳಲ್ಲಿ ಕೆಲವು ಕಾರಿನ ಹಿಂಭಾಗವನ್ನು ಅಸಹ್ಯವಾಗಿ ಎತ್ತರಿಸುತ್ತವೆ, ಆದ್ದರಿಂದ ಅದೇ ಮಾರಾಟಗಾರರಿಂದ ಕೊಂಡು ಹಾಕಿಸಿದ ಕಾರೊಂದನ್ನು ನೋಡಿದ ಮೇಲೆ ಹಣ ಕೊಡಿ.

ಈಗ ವಾಲುವ ವಿಚಾರ. ಮೇಲೆ ಹೇಳಿದ್ದೆಲ್ಲ ಮುಗಿದ ಮೇಲೆ ಕಾರು ಇನ್ನೂ ವಾಲುತ್ತದೆ, ಆದರೆ ವಾಲುವ ರೀತಿ ಬದಲಾಗಿರುತ್ತದೆ: ಒಮ್ಮೆಲೇ ಕುಸಿಯುವ ಬದಲು ಹಂತಹಂತವಾಗಿ ವಾಲಿ, ಒಂದು ಕೋನದಲ್ಲಿ ನೆಲೆ ನಿಂತು ತಿರುವು ಮುಗಿಸುತ್ತದೆ. ನನಗೆ ಅದು ಈ ಕಾರಿನ ಸೊಗಸು. ಅದೂ ಹೆಚ್ಚೆನಿಸಿದರೆ ಮುಂದಿನ ಆ್ಯಂಟಿ-ರೋಲ್ ಬಾರನ್ನು ಒಂದು ಹಂತ ದಪ್ಪದ್ದಕ್ಕೆ, ಮುಕ್ಕಾಲು ಇಂಚಿನದ್ದಕ್ಕೆ, ಬದಲಿಸಿ, ಅಲ್ಲಿಗೆ ನಿಲ್ಲಿಸಿ. ಅದಕ್ಕೂ ಮೀರಿದರೆ ಒಂದು ಚಕ್ರ ಗುಂಡಿಗೆ ಬಿದ್ದಾಗ ಇನ್ನೊಂದನ್ನೂ ಎಳೆದು ಕಾರು ತಲೆಯಾಡಿಸತೊಡಗುತ್ತದೆ, ಹಸಿ ರಸ್ತೆಯಲ್ಲಿ ಮುಂಭಾಗ ತಿರುವಿನಿಂದ ಹೊರಕ್ಕೆ ಜಾರುವ ಗುಣವೂ ಹೆಚ್ಚುತ್ತದೆ. ತಗ್ಗಿಸುವ ಸ್ಪ್ರಿಂಗ್‌ಗಳನ್ನು ನಿಮ್ಮ ಕಾರಿಗೆ ನಾನು ಒಪ್ಪುವುದಿಲ್ಲ. 1974ರ ಕೊನೆಯ ಹೊತ್ತಿಗೆ ಅಮೆರಿಕದ ನಿಯಮಗಳಿಗಾಗಿ ರಬ್ಬರ್ ಬಂಪರ್ ಹಾಕಿ ಎತ್ತರಿಸಿದ ಎಂಜಿಬಿಗಳನ್ನು ತಗ್ಗಿಸುವುದಕ್ಕೆ ಅರ್ಥವಿದೆ, ಅವು ಕಾರ್ಖಾನೆಯಲ್ಲಿಯೇ ಹದ ಕಳೆದುಕೊಂಡವು. ನಿಮ್ಮದು ಎನೆವರ್ ಅವರ ತಂಡ ಇಟ್ಟ ಎತ್ತರದಲ್ಲಿಯೇ ಇದೆ. ಇನ್ನೂ ತಗ್ಗಿಸಿದರೆ ಆ್ಯಕ್ಸಲ್ ಮೇಲೆ ಕೆಳಗೆ ಆಡುವ ಜಾಗ ಕಡಿಮೆಯಾಗಿ, ಉಬ್ಬು ಸಿಕ್ಕಾಗಲೆಲ್ಲ ರಬ್ಬರ್ ತಡೆಗೆ ಬಡಿಯುತ್ತದೆ. ತಿರುವಿನ ನಡುವೆ ಹಾಗೆ ಬಡಿದರೆ ಹಿಂಭಾಗ ಒಮ್ಮೆಲೇ ಹಿಡಿತ ಬಿಡುತ್ತದೆ.

ಸ್ಟೀರಿಂಗ್ ಭಾರದ ಬಗ್ಗೆ ನೀವು ಕೇಳಿಲ್ಲ, ಆದರೆ ಚಿಕ್ಕ ಸ್ಟೀರಿಂಗ್ ಚಕ್ರದ ಮಾತು ಬಂದದ್ದರಿಂದ ಹೇಳುತ್ತೇನೆ. ಎಂಜಿಬಿಗೆ ಕಾರ್ಖಾನೆ ಇಟ್ಟ ಕ್ಯಾಸ್ಟರ್ ಕೋನ, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ಒರಗಿದ ಕೋನ, 7 ಡಿಗ್ರಿ. ಅದು ಹಳೆಯ ಕ್ರಾಸ್‌ಪ್ಲೈ ಟೈರಿನ ಕಾಲದ್ದು. ರೇಡಿಯಲ್ ಟೈರ್ ಹಾಕಿದ ಮೇಲೆ ಅಷ್ಟು ಕೋನ ಕೈಗೆ ಭಾರವಾಗುತ್ತದೆ. ಅಡ್ಡತೊಲೆಗೂ ಮೈಗೂ ನಡುವೆ ಬೆಣೆಯಾಕಾರದ ತಟ್ಟೆ ಕೂರಿಸಿ ಎರಡು ಡಿಗ್ರಿಯಷ್ಟು ಕಡಿಮೆ ಮಾಡಿದರೆ ಸ್ಟೀರಿಂಗ್ ಹಗುರಾಗುತ್ತದೆ, ನೇರಕ್ಕೆ ಮರಳುವ ಗುಣವೂ ಉಳಿಯುತ್ತದೆ. ಹೊರಗಿನಿಂದ ಕಾಣದ, ಬೇಡವೆಂದರೆ ತೆಗೆಯಬಹುದಾದ ಇಂಥ ಕೆಲಸ ನನಗೆ ಇಷ್ಟ. ಇದನ್ನು ಮಾಡದೆ 14 ಇಂಚಿನ ಚಿಕ್ಕ ಚಕ್ರ ಹಾಕಿದರೆ ಪಾರ್ಕಿಂಗ್ ಮಾಡುವಾಗ ತೋಳು ಸೋಲುತ್ತದೆ. ತೊಲೆಯನ್ನು ಕದಲಿಸಿದಾಗಲೆಲ್ಲ ರ್‍ಯಾಕ್ ಮತ್ತು ಸ್ಟೀರಿಂಗ್ ಕಾಲಂ ಒಂದೇ ರೇಖೆಗೆ ಸೇರುತ್ತಿವೆಯೇ ಎಂದು ನೋಡಿ ಶಿಮ್ ಹಾಕಬೇಕು. ಅವು ಓರೆಯಾದರೆ ನಡುವಿನ ಕೀಲು ಬಿಗಿದು, ಸ್ಟೀರಿಂಗ್ ಒಂದು ಕಡೆ ಹಗುರ ಇನ್ನೊಂದು ಕಡೆ ಭಾರ ಆಗುತ್ತದೆ. ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್: ಮುಂಚಕ್ರಗಳ ಟೋ-ಇನ್ (ಮುಂತುದಿಗಳು ಒಳಕ್ಕೆ ಸರಿದ ಅಳತೆ) ಒಟ್ಟು 1.5ರಿಂದ 2.3 ಮಿ.ಮೀ. ಇರಲಿ.

ಚಾಲನೆಯ ಸುಖ ಬರೀ ಚಕ್ರಗಳಲ್ಲಿಲ್ಲ, ಕೈಕಾಲು ತಾಗುವ ಪ್ರತಿಯೊಂದರಲ್ಲಿಯೂ ಇದೆ. ಬಾನೆಟ್ ತೆಗೆದು ಬ್ರೇಕ್ ಮತ್ತು ಕ್ಲಚ್ ಪೆಡಲ್‌ಗಳ ಮೇಲ್ಭಾಗದ ಮುಚ್ಚಳ ಬಿಚ್ಚಿ ನೋಡಿ. ಪೆಡಲನ್ನು ಮಾಸ್ಟರ್ ಸಿಲಿಂಡರ್‌ಗೆ ಜೋಡಿಸುವ ಪುಟ್ಟ ಕ್ಲೆವಿಸ್ ಪಿನ್ ಒಂದು ಪಕ್ಕಕ್ಕೆ ತೇಯ್ದು ಸೊಂಟ ಬಂದಿರುತ್ತದೆ, ಪೆಡಲಿನ ತೂತು ಮೊಟ್ಟೆಯಾಕಾರ ತಾಳಿರುತ್ತದೆ. ಕ್ಲಚ್ ಸರಿಯಾಗಿ ಬಿಡುತ್ತಿಲ್ಲ, ಬ್ರೇಕ್ ಪೆಡಲ್ ಸಡಿಲ ಎಂದು ಸಾವಿರಾರು ರೂಪಾಯಿ ಬೆಲೆಯ ಭಾಗ ಬದಲಿಸುವ ಮೊದಲು ಈ ಪಿನ್ ಬದಲಿಸಿ, ತೂತನ್ನು ವೆಲ್ಡ್ ತುಂಬಿ ಮತ್ತೆ ಕೊರೆಸಿ. ಬ್ರೇಕಿಗೆ ಮುಂದಿನ ಡಿಸ್ಕ್ ಹಿಂದಿನ ಡ್ರಮ್ ಸಾಕು. ಹೊಸ ಹೋಸ್, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್, ಮಿಂಟೆಕ್ಸ್ 1144ರಂಥ ತಣ್ಣಗಿದ್ದಾಗಲೂ ಕಚ್ಚುವ ಪ್ಯಾಡ್, ಇಷ್ಟು ಮಾಡಿಸಿ. ಸೀಟಿನ ಅಡಿಯ ರಬ್ಬರ್ ಹಿಗ್ಗಿ ಫೋಮ್ ಪುಡಿಯಾಗಿದ್ದರೆ ನೀವು ಕಾರಿನಲ್ಲಿ ತೂಗಾಡುತ್ತಿರುತ್ತೀರಿ, ಕಾರು ವಾಲುವುದು ಇದ್ದದ್ದಕ್ಕಿಂತ ಹೆಚ್ಚಾಗಿ ತೋರುತ್ತದೆ. ಅದನ್ನು ಹೊಸದು ಮಾಡಿಸಿದರೆ ಸ್ಪ್ರಿಂಗ್ ಬದಲಿಸುವ ಯೋಚನೆಯೇ ಕೆಲವರಿಗೆ ಬಿಟ್ಟುಹೋಗುತ್ತದೆ.

ಎಂಜಿನ್ ನಿಮಗೆ ಅಪರಿಚಿತವಲ್ಲ. ನಿಮ್ಮ ತಂದೆಯವರ ಪೆಟ್ರೋಲ್ ಅಂಬಾಸಿಡರ್‌ನಲ್ಲಿದ್ದ 1489 ಸಿ.ಸಿ. ಎಂಜಿನ್ ಮತ್ತು ಇದು ಒಂದೇ ಬಿ.ಎಂ.ಸಿ. (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ವಂಶದವು, ಟ್ಯಾಪೆಟ್ ಹೊಂದಿಸುವ ಕೈಗೆ ಎರಡೂ ಒಂದೇ, ಇಲ್ಲಿ ತಣ್ಣಗಿದ್ದಾಗ 0.38 ಮಿ.ಮೀ. ಸಂದು ಬಿಡಿ. ವೆಬರ್ ಕಾರ್ಬುರೇಟರ್ ಬೇಡವೆನ್ನಲು ಕಾರಣ ಆ ಎಂಜಿನ್ನಿನ ಹೆಡ್‌ನಲ್ಲಿಯೇ ಇದೆ. ನಾಲ್ಕು ಸಿಲಿಂಡರ್‌ಗೆ ಗಾಳಿ ಒಳಹೋಗುವ ದಾರಿ ಎರಡೇ. ಎರಡೆರಡು ಸಿಲಿಂಡರ್ ಒಂದೊಂದು ದಾರಿಯನ್ನು ಹಂಚಿಕೊಂಡಿವೆ. ಅದಕ್ಕೆ ಕಾರಿನ ಮೂಲ ಜೋಡಿ ಎಸ್‌.ಯು. ಕಾರ್ಬುರೇಟರ್ ಎಷ್ಟು ಒಪ್ಪುತ್ತದೆಂದರೆ, ದೊಡ್ಡ ವೆಬರ್ ತರುವ ಲಾಭವೆಲ್ಲ ಅತಿ ವೇಗದ ಸುತ್ತುಗಳಲ್ಲಿ ಮಾತ್ರ, ಅದೂ ಕೊಂಚ. ನೀವು ಹೆಚ್ಚಾಗಿ ಓಡಿಸುವ 2,000ದಿಂದ 4,000 ಸುತ್ತಿನಲ್ಲಿ ಅದು ಒರಟಾಗುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಎಸ್‌.ಯು.ಗಳ ಥ್ರಾಟಲ್ ದಂಡ ಸವೆದು ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿದ್ದರೆ ಅದನ್ನು ಹೊಸದು ಮಾಡಿಸಿ, ಡಿಸ್ಟ್ರಿಬ್ಯೂಟರ್ ರಿಪೇರಿ ಮಾಡಿಸಿ, ಆಮೇಲೆ ರೋಲಿಂಗ್ ರೋಡ್ (ಕಾರು ನಿಂತಲ್ಲೇ ಚಕ್ರ ಓಡಿಸಿ ಅಳೆಯುವ ಉರುಳೆ ಯಂತ್ರ) ಮೇಲೆ ಕಾರ್ಬುರೇಟರಿನ ನೀಡಲ್ ಮತ್ತು ಇಗ್ನಿಷನ್ ಟೈಮಿಂಗ್ ಹೊಂದಿಸಿ. ಕಾಲಿಟ್ಟ ತಕ್ಷಣ ಎಳೆಯುವ ಎಂಜಿನ್ ಸಿಗುತ್ತದೆ. ಎರಕದ ಮೂಲ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡ ಬಹಳ ಒಳ್ಳೆಯದು, ತೆಗೆಯಬೇಡಿ. ಮುಂದೆಂದಾದರೂ ಹೆಡ್ ಬಿಚ್ಚುವ ಕೆಲಸ ಬಂದರೆ ಸೀಸವಿಲ್ಲದ ಪೆಟ್ರೋಲಿಗೆ ತಕ್ಕ ಗಟ್ಟಿ ವಾಲ್ವ್ ಸೀಟ್ ಹಾಕಿಸಿ, ಪೋರ್ಟ್‌ಗಳನ್ನು, ಅಂದರೆ ಹೆಡ್‌ನೊಳಗಿನ ಗಾಳಿಯ ದಾರಿಗಳನ್ನು, ತಿಳಿದವರ ಕೈಯಲ್ಲಿ ಹದವಾಗಿ ಅಗಲ ಮಾಡಿಸಿಕೊಳ್ಳಿ. ಶಕ್ತಿಗಾಗಿ ಹಣ ಕೊಡುವುದಾದರೆ ಅಲ್ಲಿ ಕೊಡಿ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಎಂದರೆ ಶೇ. 10ರವರೆಗೆ ಎಥನಾಲ್ ಇರುವ ಇ10. ನೀವು ಸೂಪರ್ ದರ್ಜೆಯ ಇ5 ಹಾಕಿ, ಹಳೆಯ ಇಂಧನ ಹೋಸ್‌ಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿ.

ಐದು ಗೇರಿನ ಬಾಕ್ಸನ್ನೂ ಯಾರಾದರೂ ನಿಮಗೆ ಮಾರಲು ಬರಬಹುದು. ನಿಮ್ಮಲ್ಲಿ ಲೇಕಾಕ್ ಓವರ್‌ಡ್ರೈವ್ ಇದೆ. ಮೂರನೆಯ ಮತ್ತು ನಾಲ್ಕನೆಯ ಗೇರಿನಲ್ಲಿ ಎಂಜಿನ್ ಸುತ್ತನ್ನು ಶೇ. 18ರಷ್ಟು ಇಳಿಸುವ ಅದು ಬೆಟ್ಟದ ರಸ್ತೆಯಲ್ಲಿ ಒಂದು ಸ್ವಿಚ್ಚಿನಿಂದ ಎರಡು ಹೆಚ್ಚುವರಿ ಗೇರ್ ಕೊಟ್ಟಂತೆ. ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಎಣ್ಣೆ ಒಂದೇ, ಅದು ಎಂಜಿನ್ನಿಗೆ ಹಾಕುವ 20ಡಬ್ಲ್ಯೂ-50. ದಪ್ಪ ಗೇರ್ ಆಯಿಲ್ ಹಾಕಬೇಡಿ.

ಕೊನೆಯದಾಗಿ ಕಾಗದಪತ್ರದ ಮಾತು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ವಿನಾಯಿತಿಯಿದೆ. 2018ರ ಮೇ ತಿಂಗಳಿನಿಂದ ವಾರ್ಷಿಕ ಎಂ.ಒ.ಟಿ. ತಪಾಸಣೆಯಿಂದಲೂ ವಿನಾಯಿತಿಯಿದೆ, ಆದರೆ ಕಳೆದ 30 ವರ್ಷಗಳಲ್ಲಿ ಮೈ, ಆ್ಯಕ್ಸಲ್, ಸಸ್ಪೆನ್ಷನ್ ಅಥವಾ ಸ್ಟೀರಿಂಗ್‌ನ ಬಗೆಯನ್ನೇ ಗಣನೀಯವಾಗಿ ಬದಲಿಸಿರಬಾರದು. ಮೇಲೆ ನಾನು ಹೇಳಿದ ಯಾವ ಕೆಲಸವೂ ಆ ಗೆರೆ ದಾಟುವುದಿಲ್ಲ. ವಿನಾಯಿತಿ ಇದ್ದರೂ ವರ್ಷಕ್ಕೊಮ್ಮೆ ಎಂ.ಒ.ಟಿ. ಮಾಡಿಸುವುದು ಒಳ್ಳೆಯದು, ಕಿಂಗ್‌ಪಿನ್ ಮತ್ತು ಬ್ರೇಕನ್ನು ಇನ್ನೊಂದು ಜೋಡಿ ಕಣ್ಣು ನೋಡಿದಂತಾಗುತ್ತದೆ. ಸವೆದ ಭಾಗದ ಜಾಗದಲ್ಲಿ ಅದೇ ಮಾದರಿಯ ಹೊಸದು ಹಾಕಿದ್ದನ್ನು ವಿಮಾ ಕಂಪನಿಗೆ ತಿಳಿಸುವ ಅಗತ್ಯವಿಲ್ಲ. ವಿ8 ಬುಷ್, ದಪ್ಪ ಬಾರ್, ಬೇರೆ ಅಳತೆಯ ಚಕ್ರ, ಕ್ಯಾಸ್ಟರ್ ಬೆಣೆ, ಪೋರ್ಟ್ ಅಗಲ ಮಾಡಿಸಿದ ಹೆಡ್, ಇವನ್ನು ಮಾತ್ರ ಹಾಕಿಸಿದ ದಿನವೇ ಬರೆದು ತಿಳಿಸಿ, ಅವರ ಒಪ್ಪಿಗೆಯನ್ನು ಬರಹದಲ್ಲಿಯೇ ಪಡೆದು ಬಿಲ್ಲುಗಳ ಜೊತೆ ಇಟ್ಟುಕೊಳ್ಳಿ; ತೆಗೆದ ಮೂಲ ಭಾಗಗಳಿಗೂ ಚೀಟಿ ಅಂಟಿಸಿ ಎತ್ತಿಡಿ.